ಪಟ್ಟಿಯಲ್ಲಿದ್ದ ವಾಷಿಂಗ್ ಮೆಷಿನ್

ಮೂರನೇ ಸಲ ಬೆಲ್ ಆದಾಗ ಇನಾಸ್‌ಗೆ ರೇಗಿಹೋಯಿತು.

"ಬಂದೆ! ಬಂದೆ! ಬಾಗಿಲು ಮುರಿದು ಹಾಕಬೇಡಿ!"

ಮೊಣಕೈವರೆಗೂ ಸೋಪಿನ ನೊರೆ. ತಲೆಗೆ ಕಟ್ಟಿದ್ದ ವಸ್ತ್ರ ಒಂದು ಕಡೆ ಜಾರಿತ್ತು. ಬೆಳಗಿನಿಂದ ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತು ಬಟ್ಟೆ ಒಗೆದು ಸೊಂಟ ಬಿದ್ದುಹೋಗಿತ್ತು. ಅದೇ ಅವತಾರದಲ್ಲಿ ಬಂದು ಬಾಗಿಲು ತೆರೆದಳು.

ತೆರೆದವಳು ಹಾಗೇ ನಿಂತುಬಿಟ್ಟಳು.

ಎದುರಿಗೆ ಒಬ್ಬ ಗಂಡಸು. ಕೈಯಲ್ಲಿ ಕಬ್ಬಿಣದ ಪೆಟ್ಟಿಗೆ. ಕಿವಿಯ ಪಕ್ಕ ನಾಲ್ಕಾರು ಬಿಳಿ ಕೂದಲು. ಎಡಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಗುರುತು...

ಆ ಗುರುತು ಹೇಗಾಯಿತು ಎಂಬುದು ಇನಾಸ್‌ಗೆ ಗೊತ್ತಿತ್ತು. ಚಿಕ್ಕವನಿದ್ದಾಗ ಓಡುವ ಟ್ರಾಮ್ ಹತ್ತಲು ಹೋಗಿ ಬಿದ್ದಿದ್ದನಂತೆ. ಅದನ್ನು ಅವನೇ ಹೇಳಿ ನಕ್ಕಿದ್ದ. ಅವಳೂ ನಕ್ಕಿದ್ದಳು. ಯಾವ ಕಾಲದ ಮಾತು ಅದು!

'ಸಬ್ರಿ...!'

ಹನ್ನೊಂದು ವರ್ಷ! ಹೇಗಿದ್ದೀಯ ಅನ್ನುತ್ತಾನಾ? ತಪ್ಪಾಯಿತು ಅನ್ನುತ್ತಾನಾ?

ಅವನು ಅವಳ ಮುಖ ನೋಡಲಿಲ್ಲ. ಅವಳ ಕೈಯಿಂದ ನೆಲಕ್ಕೆ ತೊಟ್ಟಿಕ್ಕುತ್ತಿದ್ದ ನೊರೆಯನ್ನು ನೋಡಿದ.

"ಮೆಷಿನ್ ಎಲ್ಲಿದೆ?" ಎಂದ.

ಅಷ್ಟೇ!

"ಯಾರಮ್ಮಾ? ರಿಪೇರಿ ಮೇಸ್ತ್ರಿನಾ? ಒಳಗೆ ಕಳಿಸು, ಒಳಗೆ ಕಳಿಸು!" ಒಳಗಿನಿಂದ ಅಪ್ಪ ಹಾಜಿ ಮಿತ್ವಲ್ಲಿ ಕೂಗಿದರು. ಅವರ ದನಿಯಲ್ಲಿ ಏನೂ ಅರಿಯದ ಮಗುವಿನ ಮುಗ್ಧತೆ ತುಂಬಿ ತುಳುಕುತ್ತಿತ್ತು. ನಲವತ್ತು ವರ್ಷ ಅಲೆಕ್ಸಾಂಡ್ರಿಯಾದ ಹಳದಿ ಟ್ರಾಮ್ ಓಡಿಸಿ ನಿವೃತ್ತರಾದ ಮನುಷ್ಯ. ಕರ್ಮೂಜ್ ಬೀದಿಯಲ್ಲಿ ಯಾರ ಅಂಗಡಿಯ ಬಾಗಿಲು ಎಂದು ಮುಚ್ಚಿತು, ಯಾರು ಬಂದು ಮತ್ತೆ ತೆರೆದರು ಎಂಬುದು ಅವರಿಗೆ ತಿಳಿಯದೆ ಇರುತ್ತದೆಯೇ?

ಇನಾಸ್ ಪಕ್ಕಕ್ಕೆ ಸರಿದಳು.

ನಡುಮನೆಯ ಸೋಫಾದ ಮೇಲೆ ಫೌಕಿಯಾ ಅತ್ತೆ ಕೂತಿದ್ದಳು. ಅಪ್ಪನ ತಂಗಿ. ಕೆಳಗಿನ ಮಹಡಿಯಲ್ಲಿ ವಾಸ. ಶುಕ್ರವಾರದ ಊಟ ಮಾತ್ರ ಅಣ್ಣನ ಮನೆಯಲ್ಲಿ, ಜೊತೆಗೆ ಬೇಡವೆಂದರೂ ಸಲಹೆ. ಸಬ್ರಿಯನ್ನು ಕಂಡದ್ದೇ ಅವಳ ಕೈಯಲ್ಲಿದ್ದ ಸೂರ್ಯಕಾಂತಿ ಬೀಜದ ತಟ್ಟೆ ತೊಡೆಯ ಮೇಲೆ ಮಗುಚಿತು.

"ಅಯ್ಯೋ ದೇವರೇ! ಇವನಾ?"

"ಯಾರಾದ್ರೇನು, ಮೆಷಿನ್ ಓಡಬೇಕು ತಾನೇ?" ಎಂದರು ಹಾಜಿ.

"ಯಾಕೆ ಓಡಬೇಕು? ಎತ್ತಿ ಬಿಸಾಕಿ ಹೊಸದು ತನ್ನಿ ಅಂತ ಬಡ್ಕೋತಾ ಇಲ್ವಾ ನಾನು? ಗುಂಡಿ ಒತ್ತಿದ್ರೆ ಒಗೆದು, ಹಿಂಡಿ ಕೊಡೋ ಮೆಷಿನ್ ಬಂದಿದೆ. ನಿಮ್ಮನೇಲಿ ಇನ್ನೂ ಫೇರೋ ಕಾಲದ್ದು! ಒಂದು ತೊಟ್ಟಿಯಿಂದ ತೆಗಿ, ಇನ್ನೊಂದು ತೊಟ್ಟಿಗೆ ಹಾಕು... ಹುಡುಗಿ ಕೈ ನೋಡು, ಹೇಗೆ ಸುಕ್ಕು ಬಂದಿದೆ!"

"ಇದರಷ್ಟು ಗಟ್ಟಿ ಮೆಷಿನ್ ಈಗ ಎಲ್ಲಿ ಸಿಗುತ್ತೆ ಫೌಕಿಯಾ? ನನ್ನ ಟ್ರಾಮ್ ಎಷ್ಟೋ ಸಲ ಹಳಿ ತಪ್ಪಿತು, ಇದು ಒಂದು ದಿನ ತಪ್ಪಿದ್ದಿಲ್ಲ."

ಸಬ್ರಿ ಬಚ್ಚಲಿಗೆ ಹೋದ. ಮೂಲೆಯಲ್ಲಿ ಅದು ನಿಂತಿತ್ತು. ಬಿಳಿ ಬಣ್ಣ ಹಳದಿಯಾಗಿದ್ದ, ಎರಡು ತೊಟ್ಟಿಯ ಅರ್ಧ ಆಟೋಮ್ಯಾಟಿಕ್. ಅದನ್ನು ಕಂಡು ಅವನು ಒಂದು ಗಳಿಗೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. ಹಿಂದೆ ನಿಂತಿದ್ದ ಇನಾಸ್‌ಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು.

'ಗುರುತು ಸಿಕ್ಕಿತಾ? ನೀನೇ ಆರಿಸಿ ತಂದದ್ದು...'

ಅವನು ಒಗೆಯುವ ತೊಟ್ಟಿಯೊಳಗೆ ಕೈ ಇಳಿಸಿ ತಳದ ಚಕ್ರವನ್ನು ತಿರುಗಿಸಿದ. ಘರ್‌ರ್... ಎಂದು ಅರ್ಧ ಸುತ್ತು ತಿರುಗಿ ಸಿಕ್ಕಿಕೊಂಡಿತು. ಕೈ ಒರೆಸಿಕೊಂಡು ಎದ್ದ.

"ಬೇರಿಂಗ್ ಹೋಗಿದೆ. ಈ ಮಾಡೆಲ್‌ನ ಸಾಮಾನು ಈಗ ಬರೋದಿಲ್ಲ. ಹೊಸದು ತಗೊಳ್ಳಿ."

"ತೆರೆದೂ ನೋಡಲಿಲ್ಲ!" ಇನಾಸ್‌ಳ ಬಾಯಿಂದ ಮಾತು ತಾನಾಗಿ ಹೊರಟಿತು.

"ಸದ್ದು ಕೇಳಿದ್ರೆ ಗೊತ್ತಾಗುತ್ತೆ."

"ಒಂದು ಸದ್ದು ಕೇಳಿ ಎಲ್ಲಾ ಮುಗೀತು ಅಂತ ಎದ್ದು ಹೋಗೋದು ನಿಮಗೆ ಹಳೇ ಅಭ್ಯಾಸ ಅಲ್ವಾ?"

ಆಗ ಅವನು ಮೊದಲ ಸಲ ಅವಳನ್ನು ನೋಡಿದ. ನೋಡಿ, ತಕ್ಷಣ ಕಣ್ಣು ತಗ್ಗಿಸಿದ. ಪೆಟ್ಟಿಗೆ ಎತ್ತಿಕೊಂಡು ಬಾಗಿಲ ಕಡೆ ನಡೆದ.

"ಚಹಾ ಕುಡಿದು ಹೋಗೋ!" ಹಾಜಿ ಎದ್ದು ನಿಂತರು.

"ಬೇಡ ಹಾಜಿ. ತಪ್ಪು ತಿಳೀಬೇಡಿ."

ಚಹಾ ಬೇಡ! ಆ ಮನೆಯ ಹೊಸಿಲು ದಾಟಿದ ಮೀಟರ್ ಓದುವವನು ಕೂಡ ಹಾಗೆ ಅಂದದ್ದಿಲ್ಲ. ಫೌಕಿಯಾ ಅತ್ತೆ ಎದೆ ಬಡಿದುಕೊಂಡು ಮೆಟ್ಟಿಲವರೆಗೂ ಹಿಂದೆ ಹೋದಳು. ಸಿಟ್ಟು ಎಷ್ಟೇ ಇರಲಿ, ಕುತೂಹಲ ಬಿಡಬೇಕಲ್ಲ?

"ಏಯ್, ನಿಲ್ಲು! ಮಕ್ಕಳೆಷ್ಟು ನಿನಗೆ?"

"ಮದುವೇನೇ ಆಗಿಲ್ಲ ಅತ್ತೆ."

ಅಡುಗೆಮನೆಯಲ್ಲಿ ಒಂದು ಗಾಜಿನ ಲೋಟ ಬಿದ್ದು ಒಡೆಯಿತು.

---

ಈ ಮೆಷಿನ್‌ನ ಕಥೆ ಗೊತ್ತಾಗಬೇಕಾದರೆ ಹನ್ನೊಂದು ವರ್ಷ ಹಿಂದೆ ಹೋಗಬೇಕು.

ಆ ಊರಿನಲ್ಲಿ ಹೆಣ್ಣು ಮಗುವಿಗೆ ಹಾಲುಹಲ್ಲು ಬೀಳುವ ಮೊದಲೇ ತಾಯಿ ಮದುವೆಯ ಸಾಮಾನು ಕೂಡಿಡಲು ಶುರು ಮಾಡುತ್ತಾಳೆ. ಇನಾಸ್‌ಳ ಅಮ್ಮನೂ ಹಾಗೇ. ಮಂಚದ ಕೆಳಗೆ ಪಾತ್ರೆ, ಬೀರುವಿನ ಮೇಲೆ ರಜಾಯಿ, ಬಾಗಿಲ ಹಿಂದೆ ಡಜನ್‌ಗಟ್ಟಲೆ ಗಾಜಿನ ಲೋಟ. ಮನೆಯಲ್ಲಿ ಕಾಲಿಡಲು ಜಾಗವಿಲ್ಲದಿದ್ದರೂ ಒಂದು ಚಮಚವನ್ನು ಯಾರೂ ಮುಟ್ಟುವಂತಿರಲಿಲ್ಲ. "ಅದು ಇನಾಸ್‌ದು!"

ಕೊನೆಗೆ ಬಂದದ್ದು ಈ ವಾಷಿಂಗ್ ಮೆಷಿನ್. ಆಗ ಸಬ್ರಿ ಮೂಲೆಯ ಮೇಸ್ತ್ರಿ, ಎಲ್ಲರೂ ಉಸ್ತಾ ಎಂದು ಕರೆಯುತ್ತಿದ್ದ ಗಿರ್ಗಿಸ್ ಅವರ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ನಿಶ್ಚಿತಾರ್ಥವಾಗಿ ಆರು ತಿಂಗಳಾಗಿತ್ತು. ಅಳಿಯನಾಗುವವನೇ ಕಸುಬುಗಾರನಾದ ಮೇಲೆ ಇನ್ಯಾರನ್ನು ಕೇಳುವುದು? ಅಮ್ಮ ಅವನನ್ನೇ ಅಂಗಡಿಗೆ ಕರೆದುಕೊಂಡು ಹೋದಳು. ಅವನು ಒಂದೊಂದನ್ನೂ ತಟ್ಟಿ, ಬಗ್ಗಿ, ಕಿವಿಗೊಟ್ಟು ಕೇಳಿ ಇದನ್ನು ಆರಿಸಿದ.

"ಫುಲ್ ಆಟೋಮ್ಯಾಟಿಕ್ ಕೆಟ್ರೆ ಅಂಗಡಿಯವನ ಕಾಲು ಹಿಡೀಬೇಕು. ಇದು ಕೆಟ್ರೆ ಇನಾಸ್ ತಾನೇ ಸರಿ ಮಾಡ್ಕೋಬಹುದು. ನಾನು ಕಲಿಸ್ತೀನಿ."

ಕಲಿಸಿದ ಕೂಡ! ಗುರುವಾರ ಸಂಜೆ, ಅಮ್ಮ ಬಾಗಿಲಲ್ಲಿ ಹೆಣಿಗೆ ಹಿಡಿದು ಕಾವಲು ಕೂತಿರುತ್ತಿದ್ದಳು. ಇವರಿಬ್ಬರು ಹೊಸ ಮೆಷಿನ್‌ನ ಹಿಂಬದಿಯ ತಗಡು ಬಿಚ್ಚಿಕೊಂಡು ನೆಲದ ಮೇಲೆ. ಬೆಲ್ಟ್ ಎಲ್ಲಿ ಕೂರುತ್ತದೆ, ಎಣ್ಣೆ ಎಲ್ಲಿ ಬಿಡಬೇಕು... ಬೇರೆ ಹುಡುಗಿಯರಿಗೆ ಹೂವು ಬರುತ್ತಿತ್ತು, ಇವಳಿಗೆ ಸ್ಕ್ರೂಡ್ರೈವರ್ ಬಂತು. ಆದರೂ ಬೆಲ್ಟ್ ಎಳೆಯುವಾಗ ಕೈಗೆ ಕೈ ತಗುಲಿದರೆ ಅವಳ ಕಿವಿ ಕೆಂಪಾಗುತ್ತಿತ್ತು.

"ಉಸ್ತಾ ಗಿರ್ಗಿಸ್ ಎರಡು ಮಾತು ಹೇಳ್ತಾರೆ," ಅಂದಿದ್ದ ಅವನು. "ತೆರೆಯದೆ ಏನೂ ಹೇಳಬೇಡ. ತೆರೆದ ಮೇಲೆ ತಗಡಿನ ಒಳಗಡೆ ತಾರೀಖು ಬರಿ."

ಅಂದು ತಗಡಿನ ಒಳಗೆ ಮೊದಲ ಸಾಲು ಅವನೇ ಬರೆದ. ತಾರೀಖು ಹಾಕಿ, 'ಇನಾಸ್‌ಳ ಮನೆಗೆ' ಎಂದು.

ಆಮೇಲೆ ಬಂತು ಪಟ್ಟಿ.

ಹುಡುಗಿ ತರುವ ಸಾಮಾನನ್ನೆಲ್ಲ ಮದುವೆಗೆ ಮುಂಚೆ ಒಂದು ಕಾಗದದಲ್ಲಿ ಬರೆಯುತ್ತಾರೆ. 'ಇದೆಲ್ಲ ಇವಳದು, ನಾನು ಕಾಯುವವನು ಮಾತ್ರ' ಎಂದು ಹುಡುಗ ಸಹಿ ಹಾಕಬೇಕು. ನಾಳೆ ಏನಾದರೂ ಹೆಚ್ಚುಕಮ್ಮಿಯಾಗಿ ಅದರಲ್ಲಿ ಒಂದು ವಸ್ತು ಕಮ್ಮಿಯಾದರೆ ಜೈಲು ಕೂಡ ನೋಡಬೇಕಾದೀತು. ಹುಡುಗಿಯ ಕಡೆಯವರೋ, ನಾಲ್ಕು ಜನರ ಮುಂದೆ ಓದುವ ಪಟ್ಟಿಯಲ್ಲವೇ ಎಂದು ಒಂದಕ್ಕೆ ಎರಡು ಬರೆಯುತ್ತಾರೆ! ಇನಾಸ್‌ಳ ಸೋದರಮಾವ ಗತ್ತಿನಲ್ಲಿ ಬರೆದ: 'ವಾಷಿಂಗ್ ಮೆಷಿನ್, ಫುಲ್ ಆಟೋಮ್ಯಾಟಿಕ್, ಒಂದು.'

ಸಬ್ರಿಯ ಅಣ್ಣ ಶಾಬಾನ್ ಎದ್ದು ನಿಂತ. "ಪೆಟ್ಟಿಗೆಯಲ್ಲಿ ಅರ್ಧ, ಕಾಗದದಲ್ಲಿ ಪೂರ್ತಿಯಾ? ಹುಟ್ಟದೇ ಇರೋ ಮೆಷಿನ್‌ಗೆ ನನ್ನ ತಮ್ಮ ಜೈಲಿಗೆ ಹೋಗಬೇಕಾ?"

"ನಮ್ಮ ಹುಡುಗಿ ಮರ್ಯಾದೆಗೆ ಇನ್ನೂ ಹತ್ತು ಬರೀತೀವಿ!" ಎಂದ ಸೋದರಮಾವ.

ಮಾತಿಗೆ ಮಾತು ಬೆಳೆಯಿತು. ಶರಬತ್ತಿನ ಲೋಟಗಳು ಹಾಗೇ ಉಳಿದವು. ಶಾಬಾನ್ ತಮ್ಮನ ತೋಳು ಹಿಡಿದು ದರದರ ಎಳೆದುಕೊಂಡು ಹೋದ. ಬಾಗಿಲಲ್ಲಿ ಸಬ್ರಿ ಒಮ್ಮೆ ತಿರುಗಿ ನೋಡಿದ.

ಒಂದೇ ಒಂದು ಸಲ!

ಇನಾಸ್ ಮೂರು ದಿನ ಕಾದಳು. ನಾಲ್ಕನೇ ದಿನ ಬೆಳಿಗ್ಗೆ ನಿಶ್ಚಿತಾರ್ಥದ ಉಂಗುರ, ಎರಡು ಬಳೆ ಬಿಚ್ಚಿ ಡಬ್ಬಿಯಲ್ಲಿಟ್ಟು ಪಕ್ಕದ ಮನೆಯಾಕೆಯ ಕೈಲಿ ಕಳಿಸಿಬಿಟ್ಟಳು.

ಹುಡುಗ ಬೇಡವೆಂದರೆ ಚಿನ್ನ ಹುಡುಗಿಯ ಹತ್ತಿರವೇ ಉಳಿಯುತ್ತದೆ, ಹುಡುಗಿ ಬೇಡವೆಂದರೆ ಚಿನ್ನ ವಾಪಸ್ ಹೋಗುತ್ತದೆ. ಇದು ಆ ಊರಿನಲ್ಲಿ ಬೀದಿಯಲ್ಲಿ ಆಡುವ ಮಕ್ಕಳಿಗೂ ಗೊತ್ತು. ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು! ಆದರೆ ಇಪ್ಪತ್ತಮೂರರ ಹುಡುಗಿಯ ಹಟ ಬೇರೆಯೇ ಲೆಕ್ಕ ಹಾಕಿತ್ತು. 'ಇದನ್ನ ನೋಡಿದ ತಕ್ಷಣ ಎದೆ ಒಡೆದು ಓಡಿ ಬರ್ತಾನೆ...'

ಅವನು ಬರಲಿಲ್ಲ. ವಾರದೊಳಗೆ ಪೋರ್ಟ್ ಸೈದ್‌ಗೆ, ಹಡಗು ರಿಪೇರಿಯ ಕೆಲಸಕ್ಕೆ ಹೊರಟುಹೋದ. 'ಚಿನ್ನ ಕೈಗೆ ಬಂತು, ಅವನಿಗೆ ಅಷ್ಟೇ ಬೇಕಿತ್ತು' ಎಂದುಕೊಂಡಳು ಇನಾಸ್. ಅದನ್ನು ಕಳಿಸಿದವಳು ತಾನೇ ಎಂಬುದನ್ನು ಮನಸ್ಸಿನ ತಳದಲ್ಲಿ ಅದುಮಿಟ್ಟಳು.

ಲೋಟ, ಪಾತ್ರೆ, ರಜಾಯಿಗಳೆಲ್ಲ ಒಂದೊಂದಾಗಿ ನೆಂಟರ ಹುಡುಗಿಯರ ಮದುವೆಗೆ ಹೋದವು. ಮೆಷಿನ್ ಮಾತ್ರ ಕೊಡಲು ಅವಳು ಬಿಡಲಿಲ್ಲ. ಅಮ್ಮ ಹಾಸಿಗೆ ಹಿಡಿದಾಗ ದಿನಕ್ಕೆರಡು ಸಲ ಹಾಸು, ಹೊದಿಕೆ. ಆಗ ಇನಾಸ್ ಅದನ್ನು ಪೆಟ್ಟಿಗೆಯಿಂದ ಮತ್ತೆ ಹೊರತೆಗೆದು ಬಚ್ಚಲಿಗೆ ತಂದಳು. ಎರಡು ವರ್ಷ ಅದು ಅಮ್ಮನ ಸೇವೆ ಮಾಡಿತು. ಬೆಲ್ಟ್ ಹರಿದಾಗಲೆಲ್ಲ ಶಾಲೆಯಲ್ಲಿ ಮಕ್ಕಳಿಗೆ ಗಣಿತ ಹೇಳಿ ಬಂದ ಟೀಚರಮ್ಮ ನೆಲದ ಮೇಲೆ ಕೂತು ತಗಡು ಬಿಚ್ಚುತ್ತಿದ್ದಳು.

ಅಂಥ ಮೆಷಿನ್‌ಗೆ ಅವನು ತೆರೆದೂ ನೋಡದೆ ಹೇಳಿದ್ದು, ಹೊಸದು ತಗೊಳ್ಳಿ ಎಂದು!

---

ಶನಿವಾರ ಬೆಳಿಗ್ಗೆ ಅಪ್ಪ ಕಾಫಿ ಅಂಗಡಿಗೆ ಹೋಗಿದ್ದರು. ರಾತ್ರಿ ಕಣ್ಣು ಮುಚ್ಚಿರದ ಇನಾಸ್ ಬಚ್ಚಲ ಬಾಗಿಲಲ್ಲಿ ನಿಂತು ಮೆಷಿನ್ ಅನ್ನು ದುರುಗುಟ್ಟಿ ನೋಡುತ್ತಿದ್ದಳು.

"ರೋಬಾಬಿಕ್ಯಾ...! ಹಳೇ ಸಾಮಾನೂ... ರೋಬಾಬಿಕ್ಯಾ...!"

ಬೀದಿಯಲ್ಲಿ ಬಯೂಮಿಯ ಕತ್ತೆಗಾಡಿ. ಹಳೆಯದನ್ನು ಕೊಟ್ಟವರಿಗೆ ಅವನು ಪ್ಲಾಸ್ಟಿಕ್ ಬೇಸಿನ್ ಕೊಡುತ್ತಿದ್ದ.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುವ ಹಾಗೆ, ಸಬ್ರಿಯ ಮೇಲಿನ ಸಿಟ್ಟು ಆ ಬಡಪಾಯಿ ಮೆಷಿನ್ ಮೇಲೆ ತಿರುಗಿತು. ಬಾಲ್ಕನಿಗೆ ಓಡಿದಳು.

"ಬಯೂಮಿ! ಮೇಲೆ ಬಾ!"

ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಬಯೂಮಿ ಮೆಷಿನ್ ಅನ್ನು ಬೆನ್ನಿಗೆ ಕಟ್ಟಿಕೊಂಡು ಇಳಿದ. ಬಚ್ಚಲ ಮೂಲೆಯಲ್ಲಿ ನಾಲ್ಕು ಕಾಲಿನ ಗುರುತು ಮಾತ್ರ ಉಳಿಯಿತು. ಅವಳ ಕೈಯಲ್ಲಿ ಎರಡು ಬೇಸಿನ್. ಒಂದು ಹಸಿರು, ಒಂದು ಗುಲಾಬಿ.

ಇನಾಸ್ ಆ ನಾಲ್ಕು ಗುರುತಿನ ಪಕ್ಕ ಕೂತು ಗೊಳೋ ಎಂದು ಅತ್ತಳು. ಅಮ್ಮನ ಹಾಸುಗಳು ನೆನಪಾದವು. ಗುರುವಾರದ ಸಂಜೆಗಳು ನೆನಪಾದವು. ಆ ತಗಡಿನ ಒಳಗೆ ಏನೇನು ಬರೆದಿದ್ದೆ ಎಂಬುದೂ ನೆನಪಾಗಿ ಮುಖ ಮುಚ್ಚಿಕೊಂಡಳು.

ಬೆಲ್ ಸದ್ದಾಯಿತು.

ಕಣ್ಣೊರೆಸಿಕೊಂಡು ಬಾಗಿಲು ತೆರೆದರೆ... ಸಬ್ರಿ! ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ಪೇಪರ್ ಸುತ್ತಿದ ಪುಟ್ಟ ಪೊಟ್ಟಣ.

"ನಿನ್ನೆ ನಾನು ತೆರೆದು ನೋಡಲಿಲ್ಲ," ಎಂದ. ಶಾಲೆಯ ಪಾಠ ಒಪ್ಪಿಸುವವನಂತೆ ಒಂದೇ ಉಸಿರಿನಲ್ಲಿ ಹೇಳಿದ. "ಅದು ತಪ್ಪು. ಉಸ್ತಾ ಗಿರ್ಗಿಸ್ ಬದುಕಿದ್ದಿದ್ರೆ ಕೆನ್ನೆಗೆ ಬಾರಿಸ್ತಿದ್ರು. ನಿನ್ನೆ ಇಲ್ಲಿಂದ ನೇರ ಶುಕ್ರವಾರದ ಸಂತೆಗೆ ಹೋದೆ. ಹಳೇ ಕಬ್ಬಿಣದ ಸಾಲು ಪೂರ್ತಿ ಹುಡುಕಿದೆ. ಬೇರಿಂಗ್ ಸಿಕ್ತು. ಇವತ್ತು ತೆರೆದು ನೋಡ್ತೀನಿ."

ಅವನ ನೋಟ ಅವಳ ಕೆಂಪಾದ ಕಣ್ಣಿಂದ ಅವಳ ಹಿಂದಿದ್ದ ಬೇಸಿನ್‌ಗಳ ಮೇಲೆ ಹೋಯಿತು.

"ಇನಾಸ್... ಮೆಷಿನ್ ಎಲ್ಲಿ?"

"ನೀವೇ ಅಲ್ವಾ ಹೇಳಿದ್ದು ಬೇಡ ಅಂತ! ಕೊಟ್ಟುಬಿಟ್ಟೆ!"

"ಯಾರಿಗೆ?"

"ಬಯೂಮಿಗೆ..."

ಅವನ ಮುಖ ಬಿಳುಚಿತು. "ಬಯೂಮಿ ಮಧ್ಯಾಹ್ನದೊಳಗೆ ಬಿಚ್ಚಿ ತಾಮ್ರ ಬೇರೆ, ತಗಡು ಬೇರೆ ಮಾಡ್ತಾನೆ. ಬಾ!"

"ನಾನಾ?"

"ಮತ್ತೆ? ನಿನ್ನ ಮೆಷಿನ್ ಅಲ್ವಾ?"

'ನಿನ್ನ' ಅಂದ! ನಿನ್ನೆಯಿಂದ ಎದೆಯಲ್ಲಿ ಕೂತಿದ್ದ ಭಾರ ಒಂದಿಷ್ಟು ಸರಿದಂತಾಯಿತು. ತಲೆವಸ್ತ್ರ ಬಿಗಿದುಕೊಂಡು ಅವನ ಹಿಂದೆ ಮೆಟ್ಟಿಲಿಳಿದಳು.

ಹೊರಗೆ ಸಮುದ್ರದ ಕಡೆಯಿಂದ ಗಾಳಿ ಎದ್ದಿತ್ತು. ನವೆಂಬರ್ ನಡುವೆ ತಪ್ಪದೆ ಬಂದು ಬೀದಿಯ ಕಸವನ್ನೆಲ್ಲ ಗುಡಿಸಿಕೊಂಡು ಹೋಗುವ ಗಾಳಿ. ಊರವರು ಅದನ್ನು ಪೊರಕೆ ಗಾಳಿ ಎಂದೇ ಕರೆಯುತ್ತಾರೆ. ಮೊದಲ ಮಹಡಿಯ ಬಾಲ್ಕನಿಯಿಂದ ಫೌಕಿಯಾ ಅತ್ತೆಯ ಕೂಗು ಕೇಳಿತು.

"ಇನಾಸ್! ಎಲ್ಲಿಗೇ ಇವನ ಜೊತೆ?"

"ಮೆಷಿನ್ ವಾಪಸ್ ತರೋಕೆ!"

"ಹಾಗಾದ್ರೆ ಬೇಸಿನ್ ವಾಪಸ್ ಕೊಡಬೇಡ್ವೇನೇ? ಬರಿಗೈಲಿ ಹೋದ್ರೆ ಬಯೂಮಿ ಕೊಡ್ತಾನಾ? ತಡಿ, ತಡಿ!"

ಅತ್ತೆ ಮೇಲೆ ಓಡಿ, ಕೆಳಗೆ ಓಡಿ, ತರಕಾರಿ ಬುಟ್ಟಿಗೆ ಹಗ್ಗ ಕಟ್ಟಿ ಎರಡೂ ಬೇಸಿನ್ ಇಳಿಸಿದಳು. ಗಾಳಿಗೆ ಬುಟ್ಟಿ ಉಯ್ಯಾಲೆಯಾಡಿತು. ಗುಲಾಬಿ ಬೇಸಿನ್ ಹಾರಿ ಸಬ್ರಿಯ ತಲೆಯ ಮೇಲೆ ಕೂತಿತು. ಇನಾಸ್ ನಗಬಾರದೆಂದು ಎಷ್ಟು ತುಟಿ ಕಚ್ಚಿಕೊಂಡರೂ ನಗು ನಿಲ್ಲಲಿಲ್ಲ.

---

ರೈಲ್ವೆ ಗೋಡೆಯ ಪಕ್ಕ ಬಯೂಮಿಯ ಗುಜರಿ ಅಂಗಳ. ಅವನು ತನ್ನ ಮುಖದಷ್ಟು ದೊಡ್ಡ ರೊಟ್ಟಿಯಲ್ಲಿ ಗಿಣ್ಣು ಸುತ್ತಿಕೊಂಡು ತಿನ್ನುತ್ತಿದ್ದ. ಮೆಷಿನ್ ಪಕ್ಕದಲ್ಲೇ ಇತ್ತು, ಸುತ್ತಿಗೆ ಅದರ ಮೇಲಿತ್ತು.

"ಒಂದು ನಿಮಿಷ ಬಯೂಮಿ! ಬೇಸಿನ್ ತಗೋ, ಮೆಷಿನ್ ಕೊಡು!"

"ಮಾರಿದ ಮೇಲೆ ಮುಗೀತು ಟೀಚರಮ್ಮ."

"ಗಾಳಿ ಮಳೆ ಶುರುವಾಗ್ತಿದೆ, ನಿನ್ನ ಮನೆ ಹೀಟರ್ ಸರಿ ಇದೆಯಾ?" ಎಂದ ಸಬ್ರಿ.

ಬಯೂಮಿ ಅಗಿಯುವುದನ್ನು ನಿಲ್ಲಿಸಿದ. "...ಇಲ್ಲ."

"ನಾಳೆ ಬಂದು ಸರಿ ಮಾಡ್ತೀನಿ. ಈಗ ಸುತ್ತಿಗೆ ತೆಗಿ."

ಬಯೂಮಿ ಸುತ್ತಿಗೆ ತೆಗೆದ. ಸಬ್ರಿ ಮಣ್ಣಿನಲ್ಲೇ ಮೊಣಕಾಲೂರಿ ಹಿಂಬದಿಯ ಸ್ಕ್ರೂಗಳನ್ನು ಬಿಚ್ಚತೊಡಗಿದ. ಆಗ ಇನಾಸ್‌ಗೆ ದಿಗಿಲಾಯಿತು.

"ಇಲ್ಲಿ ಬೇಡ! ಮನೆಗೆ ಹೋಗಿ ಅಪ್ಪನ ಎದುರಿಗೆ..."

ತಗಡು ಕಳಚಿ ಅವನ ಕೈಗೆ ಬಂದಾಗಿತ್ತು.

ಒಳಭಾಗದಲ್ಲಿ ಮೊದಲ ಸಾಲು ಅವನದೇ ಅಕ್ಷರ. ಅದರ ಕೆಳಗೆ ಒಂದರ ಕೆಳಗೊಂದು ಪುಟ್ಟ, ದುಂಡನೆಯ ಅಕ್ಷರಗಳು. ಪ್ರತಿಯೊಂದರ ಮುಂದೆಯೂ ತಾರೀಖು. ಅವನು ನಿಧಾನವಾಗಿ ಓದಿದ.

"'ಬೆಲ್ಟ್ ಬದಲಿಸಿದೆ. ಅಮ್ಮನ ಬಟ್ಟೆ ತುಂಬಾ ಇತ್ತು.'... 'ಎಣ್ಣೆ ಬಿಟ್ಟೆ. ಅಮ್ಮ ಇವತ್ತು ಸ್ವಲ್ಪ ನಕ್ಕಳು.'... 'ಬೆಲ್ಟ್ ಬದಲಿಸಿದೆ. ಪೊರಕೆ ಗಾಳಿ. ಒಗೆಯೋಕೆ ಈಗ ಅಮ್ಮನ ಬಟ್ಟೆ ಇಲ್ಲ.'"

ಕೊನೆಯ ಸಾಲಿನ ಮೇಲೆ ಇನಾಸ್ ಕೈ ಅಡ್ಡ ಇಟ್ಟಳು.

"ಓದಬೇಡ..."

ಅವನು ಬಲವಂತ ಮಾಡಲಿಲ್ಲ. ಸುಮ್ಮನೆ ಕಾದ. ಗಾಳಿ ಬೀಸುತ್ತಿತ್ತು. ಅವಳ ಬೆರಳುಗಳು ತಾವಾಗಿ ಸರಿದವು.

'ಬೆಲ್ಟ್ ಬದಲಿಸಿದೆ. ಅವನಿದ್ದಿದ್ದರೆ ಬೇಗ ಆಗುತ್ತಿತ್ತು.'

ಸಬ್ರಿ ತಗಡನ್ನು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿದ. ಅವನ ಭುಜ ಅಲುಗುತ್ತಿತ್ತು.

"ನಿನ್ನೆ ತೆರೆದಿದ್ರೆ ನಿಮ್ಮ ಮನೇಲೇ ಅತ್ತುಬಿಡ್ತಿದ್ದೆ ಇನಾಸ್. ಈ ಮೆಷಿನ್ ಕಂಡ ಮೇಲೆ ಒಂದು ಗಳಿಗೆ ನಿಲ್ಲೋಕಾಗ್ಲಿಲ್ಲ. ಅದಕ್ಕೇ ಹೊಸದು ತಗೊಳ್ಳಿ ಅಂತ ಓಡಿದೆ... ಒಂದು ಮಾತು ಕೇಳ್ಲಾ? ಹನ್ನೊಂದು ವರ್ಷದಿಂದ ಕೇಳಬೇಕು ಅಂತಿದ್ದೆ."

"ಕೇಳು."

"ಚಿನ್ನ ಯಾಕೆ ವಾಪಸ್ ಕಳಿಸಿದೆ?"

ಇಷ್ಟು ವರ್ಷ ತನಗೆ ತಾನೇ ಹೇಳಿಕೊಳ್ಳದ ಮಾತು ಅದು. ಈಗಲೂ ನುಂಗಿದರೆ ಇನ್ನೆಂದೂ ಹೊರಗೆ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ನೀನು ಓಡಿ ಬರಲಿ ಅಂತ!" ಎಂದಳು. ಅಂದದ್ದೇ ಅಳು ಒತ್ತರಿಸಿ ಬಂತು. "ಮೂರು ದಿನ ಕಾದೆ. ಬರಲಿಲ್ಲ. ಚಿನ್ನ ನೋಡಿದ್ರೆ ಬಂದೇ ಬರ್ತಾನೆ, ಬಾಗಿಲು ಬಡಿದು ಜಗಳ ಆಡ್ತಾನೆ ಅಂದ್ಕೊಂಡೆ. ತಪ್ಪು ನಂದು ಸಬ್ರಿ... ನಂದೇ!"

ಅವನು ದಿಗ್ಭ್ರಮೆಯಿಂದ ಅವಳನ್ನೇ ನೋಡಿದ.

"ನಾನು... ಬರಬೇಡ ಅಂತ ಕಳಿಸಿದ್ದೀಯ ಅಂದ್ಕೊಂಡೆ! ಆ ದಿನಾನೇ ಸಂಜೆ ಬರೋನಿದ್ದೆ ಇನಾಸ್. ಮೂರು ದಿನ ಅಣ್ಣನ ಕಾಲು ಹಿಡಿದು ಒಪ್ಪಿಸಿದ್ದೆ. 'ಅವರು ಮೆಷಿನ್ ಬದಲು ಹಡಗು ಅಂತ ಬರೆದ್ರೂ ಸಹಿ ಹಾಕ್ತೀನಿ' ಅಂತ ಹೇಳಿದ್ದೆ. ಅಂಗಿ ಇಸ್ತ್ರಿ ಮಾಡ್ತಾ ಇದ್ದೆ... ಆಗ ಪಕ್ಕದ ಮನೆಯಮ್ಮ ಡಬ್ಬಿ ತಂದುಕೊಟ್ರು."

"ಬಂದು ಒಂದು ಮಾತು ಕೇಳಬಾರದಿತ್ತಾ?"

"ಕೇಳಬೇಕಿತ್ತು... ನಿನ್ನೆ ಮೆಷಿನ್‌ಗೆ ಮಾಡಿದ ಹಾಗೇ ಮಾಡಿದೆ. ತೆರೆದು ನೋಡಲಿಲ್ಲ."

"ಅಯ್ಯೋ ಹುಚ್ಚಪ್ಪಗಳಿರಾ!" ಎಂದ ಬಯೂಮಿ, ರೊಟ್ಟಿ ಕೆಳಗಿಟ್ಟು. ಅವನ ಕಣ್ಣಲ್ಲೂ ನೀರಿತ್ತು. "ನಿಮಗಿಂತ ನನ್ನ ಕತ್ತೆಗೆ ಬುದ್ಧಿ ಜಾಸ್ತಿ. ಹಸಿವಾದ್ರೆ ಕೂಗಿ ಹೇಳುತ್ತೆ!"

ಇಬ್ಬರೂ ಅಳುವಿನ ನಡುವೆ ನಕ್ಕುಬಿಟ್ಟರು.

"ಆ ಚಿನ್ನ ಏನಾಯ್ತು?" ಇನಾಸ್ ಮೂಗೊರೆಸಿಕೊಂಡು ಕೇಳಿದಳು.

"ಅಮ್ಮನ ಬೀರುವಿನಲ್ಲಿದೆ. ಎಂಥ ಕಷ್ಟ ಬಂದ್ರೂ ಮಾರೋಕೆ ಮನಸ್ಸಾಗ್ಲಿಲ್ಲ. ಅಮ್ಮ ಎಷ್ಟು ಹುಡುಗೀರನ್ನ ತೋರಿಸಿದ್ರು. ಆ ಬಳೆ ಅವರ ಕೈಗೆ ಅಳತೆ ಆಗಲ್ಲ ಅಂತಿದ್ದೆ."

ಇನಾಸ್ ತನ್ನ ಬರಿಯ ಕೈಯನ್ನು ನೋಡಿಕೊಂಡಳು. ಒಗೆದು ಒಗೆದು ಸುಕ್ಕು ಬಿದ್ದ ಕೈ.

"ಈಗ ನನಗೂ ಆಗಲಿಕ್ಕಿಲ್ಲ," ಎಂದಳು ಮೆಲ್ಲಗೆ.

"ಹಾಕಿ ನೋಡದೆ ಹೇಳಬೇಡ."

ಅವನು ಮುಖ ಒರೆಸಿಕೊಂಡು ಬೇರಿಂಗ್‌ಗೆ ಕೈ ಹಾಕಿದ. ತಿರುಗಿಸಿದ. ಹುಬ್ಬು ಗಂಟಿಕ್ಕಿದ. ಮತ್ತೆ ತಿರುಗಿಸಿದ.

"ಬೇರಿಂಗ್ ಚೆನ್ನಾಗೇ ಇದೆಯಲ್ಲ!"

"ಹಾಗಾದ್ರೆ ಆ ಸದ್ದು?"

ಮೇಲಿನಿಂದ ಚಕ್ರದ ಸ್ಕ್ರೂ ಬಿಚ್ಚಿ ಅದನ್ನು ಎತ್ತಿದ. ಕೆಳಗೆ ಸಿಕ್ಕಿಕೊಂಡಿತ್ತು ಒಂದು ಹಿತ್ತಾಳೆಯ ಗುಂಡಿ. ಟ್ರಾಮ್ ಚಾಲಕರ ಕೋಟಿನ ಗುಂಡಿ.

ಇನಾಸ್ ಅದನ್ನು ಅಂಗೈಯಲ್ಲಿಟ್ಟು ನೋಡಿದಳು. ಅಪ್ಪ ನಿವೃತ್ತರಾಗಿ ಆರು ವರ್ಷ. ಕೋಟು ಬೀರುವಿನಲ್ಲಿ ತೂಗುಹಾಕಿದೆ. ಅದನ್ನು ಅವಳು ಒಗೆದೇ ಇಲ್ಲ...

"ಸಬ್ರಿ, ನೀನು ಉಸ್ತಾ ಗಿರ್ಗಿಸ್ ಅಂಗಡಿ ಮತ್ತೆ ತೆರೆದಿದ್ದು ಯಾವಾಗ?"

"ಹೋದ ವಾರ. ಯಾಕೆ?"

ಮೆಷಿನ್ ಕೆಟ್ಟದ್ದೂ ಹೋದ ವಾರವೇ!

---

ಕತ್ತೆಗಾಡಿಯ ಮೇಲೆ ಮೆಷಿನ್ ಮೆರವಣಿಗೆಯಲ್ಲಿ ಮನೆಗೆ ಬಂತು. ಹಾಜಿ ಬಾಗಿಲಲ್ಲೇ ಇದ್ದರು. ಇನಾಸ್ ಅಂಗೈ ಚಾಚಿ ಗುಂಡಿ ತೋರಿಸಿದಳು.

ಹಾಜಿ ಗುಂಡಿ ನೋಡಿದರು. ಆಮೇಲೆ ಕಿಟಕಿ ನೋಡಿದರು.

"ಆ ಕೋಟು ಬೀರುವಿನಿಂದ ಹೊರಗೇ ಬಂದಿಲ್ಲ!" ಎಂದಳು ಫೌಕಿಯಾ ಅತ್ತೆ. "ಗುಂಡಿ ಮೆಷಿನ್ ಒಳಗೆ ಹೇಗೆ ಹೋಯ್ತು?"

"ವಯಸ್ಸಾದ ಗುಂಡಿ. ಕಾಲಾಡಿಸೋಕೆ ಹೋಗಿರಬೇಕು," ಎಂದರು ಹಾಜಿ. ಅವರ ಮೀಸೆಯಡಿ ನಗು ಅಡಗಲಿಲ್ಲ. ಮರುಕ್ಷಣ ಕಣ್ಣು ತುಂಬಿತು. "ನಿಮ್ಮಮ್ಮ ಹೋಗೋವಾಗ ಒಂದೇ ಮಾತು ಹೇಳಿದ್ಲು ಮಗಳೇ. ಮೆಷಿನ್ ಕೊಟ್ಟುಬಿಡಬೇಡಿ, ಅದು ಅವಳ ಮನೆಗೆ ಹೋಗಬೇಕು ಅಂತ."

ಇನಾಸ್ ಅಪ್ಪನ ಎದೆಗೆ ಒರಗಿದಳು. ಅವರು ಅವಳ ತಲೆ ನೇವರಿಸುತ್ತಲೇ ಮೇಜಿನ ಮೇಲಿನ ಕಾಗದ ಎಳೆದುಕೊಂಡರು.

"ಈ ಸಲ ಪಟ್ಟಿ ನಾನೇ ಬರೀತೀನಿ. ವಾಷಿಂಗ್ ಮೆಷಿನ್. ಅರ್ಧ ಆಟೋಮ್ಯಾಟಿಕ್. ಹಳೆಯದು. ಒಂದು."

"ಹೊಸದು ಅಂತಾದ್ರೂ ಬರಿ ಅಣ್ಣಾ! ನಾಲ್ಕು ಜನ ಓದ್ತಾರೆ!"

"ಫೌಕಿಯಾ!" "ಅತ್ತೆ!" ಎಂದು ಮೂವರೂ ಒಟ್ಟಿಗೆ ಕೂಗಿದರು.

ಬಚ್ಚಲಲ್ಲಿ ಮೆಷಿನ್ ತನ್ನ ನಾಲ್ಕು ಗುರುತುಗಳ ಮೇಲೆ ಮತ್ತೆ ನಿಂತಿತು. ತಗಡು ಮುಚ್ಚುವ ಮುಂಚೆ ಸಬ್ರಿ ಜೇಬಿನಿಂದ ಪೆನ್ ತೆಗೆದು ಇನಾಸ್‌ಗೆ ಕೊಟ್ಟ. ಅವಳು ತಾರೀಖು ಹಾಕಿ ಒಂದು ಸಾಲು ಬರೆದಳು. ಅವನು ಬಗ್ಗಿ ಓದಿದ.

'ಅವನು ಬಂದ. ತೆರೆದು ನೋಡಿದ.'

ಅವನು ಪೆನ್ ತೆಗೆದುಕೊಂಡು ಅದರ ಕೆಳಗೆ ತನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದ.

"ಸಹಿ ಹಾಕೋಕೆ ಹನ್ನೊಂದು ವರ್ಷ ಬೇಕಾಯ್ತಾ?" ಅವಳ ಕಣ್ಣಲ್ಲಿ ನೀರು, ತುಟಿಯಲ್ಲಿ ನಗು.

"ಏನು ಮಾಡೋದು? ನೀವು ಹಡಗು ಅಂತ ಬರೀತೀರೇನೋ ಅಂತ ಕಾಯ್ತಾ ಇದ್ದೆ."

"ಚಹಾ ಕುಡಿದು ಹೋಗ್ತೀಯಾ? ಅಥವಾ ಇವತ್ತೂ ಬೇಡವಾ?"

"ಕುಡೀತೀನಿ. ಆದರೆ ಹೋಗೋ ಮಾತು ಎತ್ತಬೇಡ, ಇನಾಸ್."